ಡಿಪ್ರಿಕೇಶನ್ ವಾರ್ನಿಂಗ್: ಹಳೆಯ ಫಂಕ್ಷನ್ ತೆಗೆಯುವವರೆಗಿನ ಒಂಬತ್ತು ಹಂತ

"ಎರಡು ವರ್ಷದಿಂದ ವಾರ್ನಿಂಗ್ ಕೊಡ್ತಾ ಇದ್ದೇವೆ, ಯಾರೂ ನೋಡಲೇ ಇಲ್ಲ. ತೆಗೆದ ಮೇಲೆ ಎಲ್ಲರೂ ಬಂದು ಜಗಳ ಆಡ್ತಾರೆ." ಲೈಬ್ರರಿ, ಅಂದರೆ ಬೇರೆಯವರು ತಮ್ಮ ಪ್ರೋಗ್ರಾಮಿನಲ್ಲಿ ಬಳಸುವ ಸಿದ್ಧ ಕೋಡ್, ನೋಡಿಕೊಳ್ಳುವವರು ಆಗಾಗ ಹೀಗೆ ಗೊಣಗುತ್ತಾರೆ. ಅವರು ಹೇಳುತ್ತಿರುವುದು ಡಿಪ್ರಿಕೇಶನ್ ವಾರ್ನಿಂಗ್ ಬಗ್ಗೆ: "ಈ ಫಂಕ್ಷನ್ ಮುಂದೆ ಇರುವುದಿಲ್ಲ, ಬಳಸುವುದು ಬಿಡಿ" ಎಂಬ ಮುನ್ಸೂಚನೆ. ಕೋಡ್ ತೆರೆದು ನೋಡಿದರೆ ಬಹಳ ಸಲ ತಪ್ಪು ಬಳಕೆದಾರರದ್ದಲ್ಲ. ವಾರ್ನಿಂಗ್ ಅವರನ್ನು ಮುಟ್ಟಿಯೇ ಇರುವುದಿಲ್ಲ. ತಿದ್ದಬೇಕಾದ ಸಾಲು ಯಾರ ಫೈಲಿನಲ್ಲಿದೆಯೋ ಅವರ ಕಣ್ಣಿಗೆ, ಅದೇ ಸಾಲಿನ ನಂಬರಿನ ಜೊತೆಗೆ ಬೀಳದ ವಾರ್ನಿಂಗ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ. ಕ್ರಮ ತಪ್ಪಿಸಬೇಡಿ, ಅರ್ಧಕ್ಕರ್ಧ ಎಡವಟ್ಟು ಆಗುವುದು ಕ್ರಮ ತಪ್ಪಿದಾಗಲೇ.

ಉದಾಹರಣೆಗಳು ಪೈಥಾನಿನವು. ಕೋಡಿನ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಮಾಮೂಲಿ ಸ್ಪೆಲ್ಲಿಂಗ್ ಬಳಸಿ. ಉದ್ದಕ್ಕೂ ಒಂದೇ ಕಥೆ: ನಮ್ಮ ಲೈಬ್ರರಿಯ 2.4ನೇ ಆವೃತ್ತಿಯಲ್ಲಿ ಲೋಡ್_ಡೇಟಾ() ಎಂಬ ಫಂಕ್ಷನ್ನಿಗೆ ವಿದಾಯ ಹೇಳಬೇಕು, ಅದರ ಜಾಗಕ್ಕೆ ರೀಡ್_ಟೇಬಲ್() ಬರಬೇಕು, 3.0ರಲ್ಲಿ ಹಳೆಯದು ಹೋಗಬೇಕು.

## ಮೊದಲು ಬೇಕಾದ ಸಲಕರಣೆ

ಟೆಸ್ಟ್ ಓಡಿಸಲು ಪೈಟೆಸ್ಟ್, ರೆಪೊ (ಕೋಡ್ ಇಟ್ಟಿರುವ ಜಾಗ) ಪೂರ್ತಿ ಹುಡುಕಲು ಗ್ರೆಪ್, ಒಂದು ಚೇಂಜ್‌ಲಾಗ್ ಫೈಲ್, ಪ್ರತಿ ಕಮಿಟ್‌ಗೂ ತಾನಾಗಿಯೇ ಟೆಸ್ಟ್ ಓಡಿಸುವ ಸಿಐ ವ್ಯವಸ್ಥೆ. ಇವು ಎಲ್ಲರ ಬಳಿಯೂ ಇರುತ್ತವೆ.

ಹೆಚ್ಚಿನವರ ಬಳಿ ಇಲ್ಲದ್ದು ಇನ್ನೊಂದಿದೆ. ಲೈಬ್ರರಿಯ ರೆಪೊದಿಂದ ಹೊರಗೆ ಒಂದು ಫೋಲ್ಡರ್ ಮಾಡಿ, 'ಗಿರಾಕಿ' ಎಂದು ಹೆಸರಿಡಿ. ಒಳಗೆ ಎರಡೇ ಫೈಲು. ಸಹಾಯಕ ಫೈಲು ನಿಮ್ಮ ಲೈಬ್ರರಿಯ ಹಳೆಯ ಫಂಕ್ಷನ್ನನ್ನು ಕರೆಯುತ್ತದೆ. ಮುಖ್ಯ ಫೈಲು ಆ ಸಹಾಯಕವನ್ನು ಇಂಪೋರ್ಟ್ ಮಾಡಿ ಓಡಿಸುತ್ತದೆ. ಬಳಕೆದಾರನ ಕುರ್ಚಿಯಲ್ಲಿ ಕೂತು ನೋಡಲು ಇಷ್ಟು ಸಾಕು. ವಾರ್ನಿಂಗ್ ಬಂತೋ ಇಲ್ಲವೋ ಎಂಬ ತೀರ್ಪು ಕೊಡಬೇಕಾದದ್ದು ಇದೇ ಫೋಲ್ಡರ್, ನಿಮ್ಮ ಟೆಸ್ಟುಗಳಲ್ಲ. ಪೈಟೆಸ್ಟ್ ಡಿಪ್ರಿಕೇಶನ್ ವಾರ್ನಿಂಗುಗಳನ್ನು ತಾನಾಗಿಯೇ ತೋರಿಸುತ್ತದೆ, ಬರಿಯ ಪೈಥಾನ್ ಹಾಗೆ ತೋರಿಸುವುದಿಲ್ಲ.

## ಹಂತ 1: ಬದಲಿ ವ್ಯವಸ್ಥೆ ಮೊದಲು, ವಾರ್ನಿಂಗ್ ಆಮೇಲೆ

ರೀಡ್_ಟೇಬಲ್() ಪೂರ್ತಿ ತಯಾರಾಗದೆ ಲೋಡ್_ಡೇಟಾ() ಮೇಲೆ ಕೈ ಇಡಬೇಡಿ. ಹಳೆಯದು ಮಾಡುತ್ತಿದ್ದ ಪ್ರತಿ ಕೆಲಸಕ್ಕೂ ಹೊಸದರಲ್ಲಿ ದಾರಿ ಇರಬೇಕು. ಯಾವುದೋ ಒಂದಕ್ಕೆ ಇರದಿದ್ದರೆ "ಅದಕ್ಕೆ ಬದಲಿ ಇಲ್ಲ" ಎಂದು ದಾಖಲೆಯಲ್ಲಿ ನೇರವಾಗಿ ಬರೆಯಿರಿ.

ಸಾಧ್ಯವಾದರೆ ಹೊಸ ಫಂಕ್ಷನ್ನನ್ನು ಒಂದು ರಿಲೀಸ್ ಮುಂಚೆ, ಅಂದರೆ 2.3ರಲ್ಲೇ, ಸದ್ದಿಲ್ಲದೆ ಸೇರಿಸಿಬಿಡಿ. ನಿಮ್ಮ ಮೇಲೆ ನಿಂತಿರುವ ಇನ್ನೊಂದು ಲೈಬ್ರರಿ 2.3 ಮತ್ತು 2.4 ಎರಡರಲ್ಲೂ ನಡೆಯಬೇಕು ಎಂದಿಟ್ಟುಕೊಳ್ಳಿ. ಬದಲಿಯೂ ವಾರ್ನಿಂಗೂ 2.4ರಲ್ಲೇ ಒಟ್ಟಿಗೆ ಬಂದರೆ ಆ ಲೈಬ್ರರಿಯವರು ಆವೃತ್ತಿ ನೋಡಿ ಕವಲೊಡೆಯುವ ಕೋಡ್ ಬರೆಯಬೇಕು. ಅವರು ಅದನ್ನು ಬರೆಯುವುದಿಲ್ಲ, ವಾರ್ನಿಂಗ್ ಬಾಯಿ ಮುಚ್ಚಿಸಿ ಸುಮ್ಮನಾಗುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅಷ್ಟೇ ಮಾಡುತ್ತಿದ್ದೆ.

## ಹಂತ 2: ನಮ್ಮ ತಟ್ಟೆಯ ಹೆಗ್ಗಣ

ನಮ್ಮ ತಟ್ಟೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದವರ ತಟ್ಟೆಯ ನೊಣ ತೋರಿಸಬಾರದು. ಲೋಡ್_ಡೇಟಾ ಎಂದು ಗ್ರೆಪ್ ಹಾಕಿ: ಲೈಬ್ರರಿಯ ಒಳಗಿನ ಕೋಡ್, ದಾಖಲೆ, ಉದಾಹರಣೆಗಳು, ರೀಡ್‌ಮಿ, ಟೆಸ್ಟುಗಳು. ಎಲ್ಲವನ್ನೂ ರೀಡ್_ಟೇಬಲ್‌ಗೆ ಬದಲಿಸಿ. ಹಳೆಯದನ್ನು ಪರೀಕ್ಷಿಸುವ ಟೆಸ್ಟನ್ನು ಮಾತ್ರ ಉಳಿಸಿ.

ಇದನ್ನು ಬಿಟ್ಟರೆ ಏನಾಗುತ್ತದೆ? ಬಳಕೆದಾರ ಹಳೆಯದನ್ನು ಮುಟ್ಟಿಯೇ ಇಲ್ಲ, ಆದರೂ ನಿಮ್ಮ ಒಳಗಿನ ಇನ್ಯಾವುದೋ ಫಂಕ್ಷನ್ ಅದನ್ನು ಕರೆದು ವಾರ್ನಿಂಗ್ ಹುಟ್ಟುತ್ತದೆ. ತಾನು ತಿದ್ದಲಾಗದ ವಾರ್ನಿಂಗನ್ನು ನಾಲ್ಕು ಸಲ ಕಂಡವನು ಐದನೆಯ ಸಲ ಎಲ್ಲವನ್ನೂ ಒಟ್ಟಿಗೆ ಆಫ್ ಮಾಡುತ್ತಾನೆ. ಆಮೇಲೆ ನಿಜವಾದ ತೋಳ ಬಂದರೂ ಅವನಿಗೆ ಗೊತ್ತಾಗುವುದಿಲ್ಲ.

ಹಳೆಯ ಫಂಕ್ಷನ್ನಿನ ಒಳಗಿನ ತರ್ಕವನ್ನು ಹೊಸದಕ್ಕೆ ಸಾಗಿಸಿ, ಹಳೆಯದರಲ್ಲಿ ವಾರ್ನಿಂಗ್ ಮತ್ತು ಹೊಸದಕ್ಕೆ ಒಂದು ಕರೆ ಮಾತ್ರ ಇಡಿ. ಎರಡು ಕಡೆ ಒಂದೇ ತರ್ಕ ಇಟ್ಟುಕೊಂಡರೆ ಬಗ್ ಸರಿಪಡಿಸುವಾಗ ಒಂದು ಕಡೆ ಖಂಡಿತ ಮರೆಯುತ್ತೀರಿ.

## ಹಂತ 3: ಯಾವ ಜಾತಿಯ ವಾರ್ನಿಂಗ್?

ಪೈಥಾನಿನಲ್ಲಿ ಮೂರು ಇವೆ.

ಡಿಪ್ರಿಕೇಶನ್‌ವಾರ್ನಿಂಗ್ ಕೋಡ್ ಬರೆಯುವವರಿಗಾಗಿ. ಮಾಮೂಲಾಗಿ ಇದು ಮುಚ್ಚಿಕೊಂಡೇ ಇರುತ್ತದೆ. ಪೈಥಾನ್ 3.7ರಿಂದ ಈಚೆಗೆ, ನೇರವಾಗಿ ಓಡಿಸಿದ ಮುಖ್ಯ ಫೈಲಿನ ಸಾಲಿಗೆ ಸೇರಿದ್ದಾದರೆ ಮಾತ್ರ ಪರದೆಯ ಮೇಲೆ ಕಾಣುತ್ತದೆ. ಇಂಪೋರ್ಟ್ ಆದ ಫೈಲುಗಳದ್ದು ಕಾಣುವುದಿಲ್ಲ. ಗಿರಾಕಿ ಫೋಲ್ಡರಿನಲ್ಲಿ ಎರಡು ಫೈಲು ಮಾಡಿಸಿದ್ದು ಇದಕ್ಕೇ.

ಫ್ಯೂಚರ್‌ವಾರ್ನಿಂಗ್ ಎಲ್ಲರಿಗೂ ಕಾಣುತ್ತದೆ. ಕೋಡ್ ಹಾಗೆಯೇ ಓಡುತ್ತದೆ ಆದರೆ ಮುಂದಿನ ಆವೃತ್ತಿಯಲ್ಲಿ ಉತ್ತರವೇ ಬೇರೆ ಬರುತ್ತದೆ ಎನ್ನುವಂಥ ಬದಲಾವಣೆಗೆ ನಾನು ಇದನ್ನೇ ಬಳಸುತ್ತೇನೆ. ಫಂಕ್ಷನ್ ಮಾಯವಾದರೆ ಎರರ್ ಬರುತ್ತದೆ, ಮನುಷ್ಯ ಎಚ್ಚೆತ್ತುಕೊಳ್ಳುತ್ತಾನೆ. ಡಿಫಾಲ್ಟ್ ಬೆಲೆ ಸದ್ದಿಲ್ಲದೆ ಬದಲಾದರೆ ತಪ್ಪು ಲೆಕ್ಕ ಹಾಗೇ ಮುಂದಕ್ಕೆ ಹೋಗುತ್ತದೆ. ಮೂರನೆಯದು ಪೆಂಡಿಂಗ್‌ಡಿಪ್ರಿಕೇಶನ್‌ವಾರ್ನಿಂಗ್. ಅದು ಮುಖ್ಯ ಫೈಲಿನಲ್ಲೂ ಕಾಣುವುದಿಲ್ಲ, ಹಾಗಾಗಿ ನಾನು ಅದರ ಗೋಜಿಗೆ ಹೋಗುವುದಿಲ್ಲ.

ದೊಡ್ಡ ಲೈಬ್ರರಿಯಾದರೆ ಸ್ವಂತ ವರ್ಗ ಮಾಡಿಕೊಳ್ಳಿ. ವೆಬ್‌ಸೈಟ್ ಕಟ್ಟುವ ಪೈಥಾನ್ ಫ್ರೇಮ್‌ವರ್ಕ್ ಜ್ಯಾಂಗೊದವರು ರಿಮೂವ್ಡ್‌ಇನ್‌ಜ್ಯಾಂಗೊ60ವಾರ್ನಿಂಗ್ ಎಂದು ಗಡುವನ್ನು ವರ್ಗದ ಹೆಸರಿನಲ್ಲೇ ಕಟ್ಟಿಬಿಟ್ಟಿದ್ದರು. 6.0 ಬಂದಾಗ ಏನೇನು ತೆಗೆಯಬೇಕೋ ಅದು ಒಂದೇ ಗ್ರೆಪ್‌ನಲ್ಲಿ ಸಿಗುತ್ತಿತ್ತು.

## ಹಂತ 4: ಸಂದೇಶ

"ಈ ಫಂಕ್ಷನ್ ಹಳತಾಗಿದೆ" ಎಂದರೆ ಓದಿದವನು ಏನು ಮಾಡಬೇಕು? ಹೀಗೆ ಬರೆಯಿರಿ:

"ಲೋಡ್_ಡೇಟಾ() 2.4ರಲ್ಲಿ ಡಿಪ್ರಿಕೇಟ್ ಆಗಿದೆ, 3.0ರಲ್ಲಿ ಇರುವುದಿಲ್ಲ. ಬದಲಿಗೆ ರೀಡ್_ಟೇಬಲ್(ಪಾತ್, ಹೆಡರ್=ಫಾಲ್ಸ್) ಬಳಸಿ."

ಏನು, ಎಂದಿನಿಂದ, ಎಲ್ಲಿಯವರೆಗೆ, ಬದಲಿಗೆ ಏನು. ಬದಲಿಯನ್ನು ನಕಲು ಮಾಡಿ ಅಂಟಿಸುವಷ್ಟು ಪೂರ್ತಿಯಾಗಿ ಕೊಡಿ. ಮೇಲಿನ ಸಂದೇಶದಲ್ಲಿ 'ಹೆಡರ್=ಫಾಲ್ಸ್' ಬಂದದ್ದು ಸುಮ್ಮನೆ ಅಲ್ಲ. ಹಳೆಯದರ ವರ್ತನೆಯೇ ಮುಂದುವರಿಯಬೇಕಾದರೆ ಅದು ಬೇಕು.

ಸಂದೇಶದ ಒಳಗೆ ಫೈಲಿನ ಹೆಸರು, ಎಣಿಕೆ, ಸಮಯ ಇಂಥ ಬದಲಾಗುವ ಸಂಗತಿ ತುರುಕಬೇಡಿ. ಒಂದೇ ಸಾಲಿನಿಂದ ಬಂದ ಒಂದೇ ಸಂದೇಶವನ್ನು ಪೈಥಾನ್ ಮಾಮೂಲಾಗಿ ಒಂದೇ ಸಲ ಮುದ್ರಿಸುತ್ತದೆ. ಪ್ರತಿ ಸಲ ಪಠ್ಯ ಬದಲಾದರೆ ಅದರ ಲೆಕ್ಕಕ್ಕೆ ಪ್ರತಿಯೊಂದೂ ಹೊಸದು. ಹತ್ತು ಸಾವಿರ ಫೈಲು ಓದುವ ಲೂಪ್ ಹತ್ತು ಸಾವಿರ ಸಾಲು ಲಾಗ್ ಕಾರುತ್ತದೆ. ಸಂದೇಶ ಫಂಕ್ಷನ್ನಿನ ಹೆಸರಿನಿಂದಲೇ ಶುರುವಾಗಲಿ. ಯಾವ ವಾರ್ನಿಂಗ್ ತೋರಿಸಬೇಕು, ಯಾವುದು ಬೇಡ ಎಂದು ತೀರ್ಮಾನಿಸುವ ಫಿಲ್ಟರ್‌ಗಳು ಸಂದೇಶವನ್ನು ಆರಂಭದಿಂದ ಹೋಲಿಸುತ್ತವೆ, ಹಾಗಾಗಿ ಅದೊಂದನ್ನೇ ಮುಚ್ಚಬೇಕೆನ್ನುವವನಿಗೂ ಅನುಕೂಲ.

## ಹಂತ 5: ಸ್ಟ್ಯಾಕ್‌ಲೆವೆಲ್

ಎಲ್ಲರೂ ಜಾರುವ ಮೆಟ್ಟಿಲು ಇದು. ನಿಧಾನವಾಗಿ ಓದಿ.

ವಾರ್ನಿಂಗ್ಸ್.ವಾರ್ನ್(ಸಂದೇಶ, ಡಿಪ್ರಿಕೇಶನ್‌ವಾರ್ನಿಂಗ್, ಸ್ಟ್ಯಾಕ್‌ಲೆವೆಲ್=2)

ಕೊನೆಯ ಭಾಗವನ್ನು ಬಿಟ್ಟರೆ ಬೆಲೆ 1. ಆಗ ವಾರ್ನಿಂಗ್ ತೋರಿಸುವ ವಿಳಾಸ ಯಾವುದು? ಈ ವಾರ್ನ್ ಸಾಲು ಇರುವ ನಿಮ್ಮದೇ ಫೈಲು. 2 ಎಂದರೆ ಒಂದು ಮೆಟ್ಟಿಲು ಮೇಲೆ, ಅಂದರೆ ಲೋಡ್_ಡೇಟಾ()ವನ್ನು ಕರೆದ ಸಾಲು. ಬಳಕೆದಾರ ತಿದ್ದಬೇಕಾದದ್ದು ಆ ಸಾಲನ್ನೇ.

1 ಇದ್ದರೆ ಎರಡು ಅನಾಹುತ. ಒಂದು, ಪೈಥಾನಿನ ಮಾಮೂಲಿ ಫಿಲ್ಟರ್ ಮುಖ್ಯ ಫೈಲಿನದ್ದನ್ನು ಮಾತ್ರ ತೋರಿಸುತ್ತದೆ ಎಂದೆನಲ್ಲ, ನಿಮ್ಮ ಲೈಬ್ರರಿಯ ಫೈಲು ಎಂದೂ ಮುಖ್ಯ ಫೈಲಲ್ಲ. ಹಾಗಾಗಿ ವಾರ್ನಿಂಗ್ ಯಾರಿಗೂ ಕಾಣುವುದೇ ಇಲ್ಲ. ಇನ್ನೊಂದು, ಬಳಕೆದಾರ ಫಿಲ್ಟರ್ ತೆರೆದಿಟ್ಟಿದ್ದಾನೆ ಎಂದುಕೊಳ್ಳಿ. ಅವನ ಕೋಡಿನ ಐವತ್ತು ಜಾಗದಲ್ಲಿ ಹಳೆಯ ಫಂಕ್ಷನ್ ಇದ್ದರೂ ವಿಳಾಸ ಮಾತ್ರ ಒಂದೇ, ನಿಮ್ಮ ಫೈಲಿನ ಅದೇ ಸಾಲು. "ಒಂದು ಸಾಲಿಗೆ ಒಂದೇ ಸಲ" ಎಂಬ ಲೆಕ್ಕದಲ್ಲಿ ಅವನಿಗೆ ಕಾಣುವುದು ಒಂದೇ ವಾರ್ನಿಂಗ್, ಅದೂ ಅವನದಲ್ಲದ ಫೈಲಿನದ್ದು.

ನಾನು ಬಿದ್ದದ್ದೂ ಇಲ್ಲೇ. ನೋಡಿಕೊಳ್ಳುತ್ತಿದ್ದ ಒಂದು ಲೈಬ್ರರಿಯಲ್ಲಿ ಸ್ಟ್ಯಾಕ್‌ಲೆವೆಲ್=2 ಸರಿಯಾಗಿಯೇ ಇತ್ತು. ಆಮೇಲೆ ಸಮಯ ಅಳೆಯಲೆಂದು ಅದೇ ಫಂಕ್ಷನ್ನಿಗೆ ಒಂದು ಡೆಕೊರೇಟರ್, ಅಂದರೆ ಫಂಕ್ಷನ್ನನ್ನು ಸುತ್ತುವ ಇನ್ನೊಂದು ಫಂಕ್ಷನ್, ಹೊದಿಸಿದೆ. ಡೆಕೊರೇಟರಿನ ಒಳಗಿನ ಫಂಕ್ಷನ್ನೂ ಒಂದು ಮೆಟ್ಟಿಲು. ಈಗ 2 ಎಂದರೆ ಬಳಕೆದಾರ ಅಲ್ಲ, ನನ್ನದೇ ಡೆಕೊರೇಟರ್. ಟೆಸ್ಟುಗಳು ಹಸಿರು, ಏಕೆಂದರೆ ವಾರ್ನಿಂಗ್ ಹುಟ್ಟುತ್ತಿತ್ತು. ಎಲ್ಲಿಗೆ ಬೆರಳು ತೋರಿಸುತ್ತಿದೆ ಎಂದು ಯಾವ ಟೆಸ್ಟೂ ಕೇಳಿರಲಿಲ್ಲ. ಎರಡು ರಿಲೀಸ್ ಆದ ಮೇಲೆ ಫಂಕ್ಷನ್ ತೆಗೆದೆ. ಅವತ್ತು ಬಂದ ಬಗ್ ವರದಿಗಳಲ್ಲಿ ಒಂದೇ ವಾಕ್ಯ: "ಮುಂಚೆ ಹೇಳಬಾರದಿತ್ತೇ?" ನಾನು ಊರಿಗೆಲ್ಲ ಡಂಗುರ ಸಾರಿದ್ದೇನೆಂದುಕೊಂಡಿದ್ದೆ, ಸಾರಿದ್ದು ನನ್ನ ಮನೆಯ ಕೋಣೆಯಲ್ಲಿ.

ಲೆಕ್ಕ ಹಾಕುವಾಗ ಇವನ್ನು ನೋಡಿಕೊಳ್ಳಿ:

- ವಾರ್ನಿಂಗ್ ಕೊಡಲು ಸಹಾಯಕ ಫಂಕ್ಷನ್ ಮಾಡಿಕೊಂಡಿದ್ದರೆ ಒಂದು ಹೆಚ್ಚಿಗೆ, ಅಂದರೆ 3.
- ಪ್ರತಿ ಡೆಕೊರೇಟರಿಗೂ ಇನ್ನೊಂದು.
- ಅಸಿಂಕ್ ಫಂಕ್ಷನ್ನಿನ ಒಳಗೆ ವಾರ್ನ್ ಮಾಡಿದರೆ, ಅದು ಟಾಸ್ಕ್ ಆಗಿ ಓಡಿದಾಗ ವಿಳಾಸ ಟಾಸ್ಕ್‌ಗಳನ್ನು ಓಡಿಸುವ ಇವೆಂಟ್ ಲೂಪಿನ ಒಳಗೆ ಹೋಗಿ ಬೀಳುತ್ತದೆ. ಸಾದಾ ಫಂಕ್ಷನ್ನೊಂದರಲ್ಲಿ ವಾರ್ನ್ ಮಾಡಿ, ಅದರಿಂದ ಕೊರೂಟೀನ್ (ಅಸಿಂಕ್ ಫಂಕ್ಷನ್ ಕರೆದಾಗ ಸಿಗುವ ವಸ್ತು) ವಾಪಸ್ ಕೊಡಿ.

ಕರೆಯ ಆಳ ಒಂದೇ ಸಮ ಇಲ್ಲದ ಲೈಬ್ರರಿಯಲ್ಲಿ ಸಂಖ್ಯೆ ಎಣಿಸುವುದೇ ದಂಡ. ಪೈಥಾನ್ 3.12ರಿಂದ ಸ್ಕಿಪ್_ಫೈಲ್_ಪ್ರಿಫಿಕ್ಸಸ್ ಎಂಬ ಆಯ್ಕೆ ಬಂದಿದೆ. ನಿಮ್ಮ ಪ್ಯಾಕೇಜಿನ ಫೋಲ್ಡರ್ ದಾರಿಯನ್ನು ಟ್ಯೂಪಲ್ ಆಗಿ ಕೊಟ್ಟರೆ ಆ ಫೈಲುಗಳನ್ನೆಲ್ಲ ದಾಟಿ ಹೊರಗಿನ ಮೊದಲ ಸಾಲನ್ನು ಅದೇ ಹುಡುಕುತ್ತದೆ.

3.13ರಲ್ಲಿ ವಾರ್ನಿಂಗ್ಸ್.ಡಿಪ್ರಿಕೇಟೆಡ್ ಎಂಬ ಸಿದ್ಧ ಡೆಕೊರೇಟರೂ ಇದೆ. ಹಳೆಯ ಪೈಥಾನಿಗೆ ಟೈಪಿಂಗ್_ಎಕ್ಸ್‌ಟೆನ್ಶನ್ಸ್ ಪ್ಯಾಕೇಜಿನಲ್ಲಿ ಸಿಗುತ್ತದೆ. ಇದನ್ನು ಹಾಕಿದರೆ ಕೋಡ್ ಓಡಿಸದೆಯೇ ತಪ್ಪು ಹುಡುಕುವ ಟೈಪ್ ಚೆಕರ್‌ಗಳಿಗೂ ವಿಷಯ ತಿಳಿದು, ಎಡಿಟರಿನಲ್ಲೇ ಹೆಸರಿನ ಮೇಲೆ ಗೆರೆ ಎಳೆದು ತೋರಿಸುವ ಸೌಕರ್ಯ ಸಿಗುತ್ತದೆ. ಒಂದು ಎಚ್ಚರ: ಇದರ ಸ್ಟ್ಯಾಕ್‌ಲೆವೆಲ್ ಲೆಕ್ಕವೇ ಬೇರೆ. ಇಲ್ಲಿ 1 ಎಂದರೇ ಕರೆದವನ ಸಾಲು. ವಾರ್ನ್‌ನ ಅಭ್ಯಾಸದಲ್ಲಿ 2 ಕೊಟ್ಟರೆ ಒಂದು ಮೆಟ್ಟಿಲು ಹೆಚ್ಚು ಹತ್ತಿಬಿಡುತ್ತೀರಿ. ಸಂದೇಶವನ್ನೂ ವೇರಿಯೇಬಲ್ಲಿನಲ್ಲಿಟ್ಟು ಕೊಡಬೇಡಿ, ನೇರ ಸ್ಟ್ರಿಂಗ್ ಆಗಿ ಬರೆಯಿರಿ, ಇಲ್ಲದಿದ್ದರೆ ಟೈಪ್ ಚೆಕರ್‌ಗೆ ಓದಲಾಗದು.

## ಹಂತ 6: ಫಂಕ್ಷನ್ ಅಲ್ಲದವು

ಪ್ಯಾರಾಮೀಟರ್. 'ಸೆಪ್' ಹೋಗಿ 'ಡಿಲಿಮಿಟರ್' ಬರಬೇಕು. ಡಿಫಾಲ್ಟ್ ಆಗಿ ಸೆಪ್=ನನ್ ('ಏನೂ ಇಲ್ಲ' ಎನ್ನುವ ಪೈಥಾನ್ ಬೆಲೆ) ಎಂದಿಟ್ಟು "ನನ್ ಅಲ್ಲದಿದ್ದರೆ ವಾರ್ನ್ ಮಾಡು" ಎಂದರೆ, ಬೇಕೆಂದೇ ಸೆಪ್=ನನ್ ಕೊಟ್ಟವನು ತಪ್ಪಿಸಿಕೊಳ್ಳುತ್ತಾನೆ. ಬೇರೆಲ್ಲೂ ಬಳಸದ ಒಂದು ಖಾಲಿ ಆಬ್ಜೆಕ್ಟನ್ನು ಡಿಫಾಲ್ಟ್ ಆಗಿಡಿ:

_ಕೊಟ್ಟಿಲ್ಲ = ಆಬ್ಜೆಕ್ಟ್()

ಬಂದದ್ದು ಅದೇ ಆಬ್ಜೆಕ್ಟ್ ಅಲ್ಲದಿದ್ದರೆ ವಾರ್ನ್ ಮಾಡಿ. ಎರಡೂ ಹೆಸರು ಒಟ್ಟಿಗೆ ಬಂದರೆ ಊಹೆ ಮಾಡದೆ ಟೈಪ್‌ಎರರ್ ಎಸೆಯಿರಿ. ಹಳೆಯ ಪ್ಯಾರಾಮೀಟರಿನ ಸ್ಥಾನವನ್ನು ಮಾತ್ರ ಕದಲಿಸಬೇಡಿ, ಹೆಸರಿಲ್ಲದೆ ಸಾಲಾಗಿ ಬೆಲೆ ಕೊಡುವವರು ಇದ್ದೇ ಇರುತ್ತಾರೆ.

ಮಾಡ್ಯೂಲಿನ ಸ್ಥಿರಾಂಕ. ಪೈಥಾನ್ 3.7ರಿಂದ ಮಾಡ್ಯೂಲಿನ ಮಟ್ಟದಲ್ಲೇ __ಗೆಟ್‌ಆಟ್ರ್__ ಬರೆಯಬಹುದು. ಹೆಸರು ಸಿಗದಿದ್ದಾಗ ಮಾತ್ರ ಅದು ಓಡುತ್ತದೆ. ಹಳೆಯ ಹೆಸರನ್ನು ಮಾಡ್ಯೂಲಿನಲ್ಲಿ ಹಾಗೆಯೇ ಬಿಟ್ಟು "ವಾರ್ನಿಂಗ್ ಬರ್ತಾ ಇಲ್ಲ" ಎಂದು ತಲೆ ಕೆರೆದುಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ.

ಕ್ಲಾಸಿನ ಹೆಸರು. ಹಳೆಯ ಹೆಸರನ್ನು ಹೊಸ ಕ್ಲಾಸಿನ ಸಬ್‌ಕ್ಲಾಸ್ ಮಾಡುವುದು ಸುಲಭ ಅನ್ನಿಸುತ್ತದೆ. ಆದರೆ ನಿಮ್ಮ ಲೈಬ್ರರಿ ಈಗ ಹೊಸ ಕ್ಲಾಸಿನ ವಸ್ತು ಕೊಡುತ್ತದೆ, ಬಳಕೆದಾರನ ಇಸ್‌ಇನ್‌ಸ್ಟೆನ್ಸ್ ಪರೀಕ್ಷೆ ಹಳೆಯ ಹೆಸರನ್ನು ಕೇಳುತ್ತದೆ, ಉತ್ತರ ಸುಳ್ಳು. ಎರರ್ ಇಲ್ಲದೆ ಇಫ್ ಒಳಗಿನ ಕೋಡ್ ಓಡದೆ ಉಳಿಯುತ್ತದೆ. ಮೇಲಿನ ಮಾಡ್ಯೂಲ್ ಉಪಾಯದಿಂದ ಹಳೆಯ ಹೆಸರಿಗೆ ಹೊಸ ಕ್ಲಾಸನ್ನೇ ಕೊಡಿ.

## ಹಂತ 7: ವಾರ್ನಿಂಗಿಗೇ ಟೆಸ್ಟ್

ವಿತ್ ಪೈಟೆಸ್ಟ್.ವಾರ್ನ್ಸ್(ಡಿಪ್ರಿಕೇಶನ್‌ವಾರ್ನಿಂಗ್, ಮ್ಯಾಚ್="ಲೋಡ್_ಡೇಟಾ") ಆ್ಯಸ್ ರೆಕಾರ್ಡ್:
    ಲೋಡ್_ಡೇಟಾ(ಪಾತ್)
ಅಸರ್ಟ್ ರೆಕಾರ್ಡ್[0].ಫೈಲ್‌ನೇಮ್ == __ಫೈಲ್__

ಕೊನೆಯ ಸಾಲು ಐದನೇ ಹಂತದಲ್ಲಿ ಬಿದ್ದು ನಾನು ಕಲಿತ ಪಾಠ. ವಾರ್ನಿಂಗಿನ ಬೆರಳು ಟೆಸ್ಟ್ ಫೈಲಿನತ್ತ ಇದೆಯೇ ಎಂದು ಅದು ನೋಡುತ್ತದೆ. ನಾಳೆ ಯಾರೋ ಡೆಕೊರೇಟರ್ ಹೊದಿಸಿದರೆ ತಕ್ಷಣ ಕೆಂಪು. ಇದರ ಜೊತೆ ಹಳೆಯದೂ ಹೊಸದೂ ಒಂದೇ ಉತ್ತರ ಕೊಡುತ್ತವೆ ಎಂಬ ಟೆಸ್ಟೂ ಇರಲಿ.

ಆಮೇಲೆ ಪೈಟೆಸ್ಟ್ ಸೆಟ್ಟಿಂಗಿನ ಫಿಲ್ಟರ್‌ವಾರ್ನಿಂಗ್ಸ್ ಪಟ್ಟಿಯಲ್ಲಿ 'ಎರರ್' ಹಾಕಿ. ಈಗ ಎದುರು ನೋಡದ ಯಾವ ವಾರ್ನಿಂಗ್ ಬಂದರೂ ಟೆಸ್ಟ್ ಬೀಳುತ್ತದೆ. ಎರಡನೇ ಹಂತದಲ್ಲಿ ಗ್ರೆಪ್ ಕಣ್ಣಿಗೆ ತಪ್ಪಿದ್ದು ಇಲ್ಲಿ ಸಿಕ್ಕಿಬೀಳುತ್ತದೆ. ಆ ಪಟ್ಟಿಯಲ್ಲಿ ಹಲವು ಸಾಲು ಹೊಂದಿದರೆ ಕೊನೆಯದ್ದಕ್ಕೇ ಗೆಲುವು. ಆದ್ದರಿಂದ 'ಎರರ್' ಮೊದಲ ಸಾಲು, ವಿನಾಯಿತಿಗಳು ಅದರ ಕೆಳಗೆ. ತಿರುಗಿಸಿ ಬರೆದರೆ ವಿನಾಯಿತಿಗಳು ಒಂದೂ ನಡೆಯುವುದಿಲ್ಲ.

ಈಗ ಗಿರಾಕಿ ಫೋಲ್ಡರಿಗೆ ಹೋಗಿ ಮುಖ್ಯ ಫೈಲನ್ನು '-ಡಬ್ಲ್ಯೂ ಡಿಫಾಲ್ಟ್' ಹಾಕಿ ಓಡಿಸಿ. ಪರದೆಯ ಮೇಲೆ ಸಹಾಯಕ ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆ ಕಾಣಬೇಕು. ನಿಮ್ಮ ಲೈಬ್ರರಿಯ ಫೈಲು ಕಂಡರೆ ಐದನೇ ಹಂತಕ್ಕೆ ವಾಪಸ್.

## ಹಂತ 8: ಬೇರೆಯವರು ನಮಗೆ ಕೊಡುವ ವಾರ್ನಿಂಗ್

ನಾವೂ ಯಾರದೋ ಗಿರಾಕಿ. ಕಲೆಕ್ಷನ್ಸ್ ಮಾಡ್ಯೂಲಿನಿಂದ ನೇರವಾಗಿ ಮ್ಯಾಪಿಂಗ್ ಇಂಪೋರ್ಟ್ ಮಾಡುವುದನ್ನು ನೋಡಿ. ಪೈಥಾನ್ 3.3ರಲ್ಲೇ ಅದು ಕಲೆಕ್ಷನ್ಸ್.ಎಬಿಸಿಗೆ ಹೋಗಿತ್ತು, ಹಳೆಯ ದಾರಿ ಮುಚ್ಚಿದ್ದು 2021ರಲ್ಲಿ ಬಂದ 3.10ರಲ್ಲಿ. ಅಷ್ಟು ವರ್ಷ ಇದ್ದರೂ ಅವತ್ತು ಒಡೆದ ಪ್ಯಾಕೇಜುಗಳಿಗೆ ಲೆಕ್ಕವಿಲ್ಲ.

ಅವಲಂಬನೆಗಳಿಂದ, ಅಂದರೆ ನಾವು ಬಳಸುವ ಬೇರೆಯವರ ಲೈಬ್ರರಿಗಳಿಂದ, ಬರುವ ವಾರ್ನಿಂಗನ್ನು ಮುಚ್ಚಲೇಬೇಕಾದರೆ ಟೆಸ್ಟ್ ಸೆಟ್ಟಿಂಗಿನಲ್ಲಿ, ಆ ಒಂದು ಸಂದೇಶಕ್ಕೆ ಮಾತ್ರ ವಿನಾಯಿತಿ ಬರೆಯಿರಿ. ಪಕ್ಕದಲ್ಲಿ ಕಾಮೆಂಟ್ ಹಾಕಿ: ಯಾಕೆ, ಯಾವ ಆವೃತ್ತಿ ಬಂದಾಗ ತೆಗೆಯಬೇಕು. ಲೈಬ್ರರಿಯ ಕೋಡಿನಲ್ಲೇ ವಾರ್ನಿಂಗ್ಸ್.ಸಿಂಪಲ್‌ಫಿಲ್ಟರ್("ಇಗ್ನೋರ್") ಬರೆಯುವುದು ಬೇಡವೇ ಬೇಡ. ಆ ಫಿಲ್ಟರ್ ಇಡೀ ಪ್ರೊಸೆಸ್‌ನದ್ದು, ನಿಮ್ಮನ್ನು ಇಂಪೋರ್ಟ್ ಮಾಡಿದ ಪಾಪದವನ ಎಲ್ಲ ವಾರ್ನಿಂಗುಗಳೂ ಅಡಗಿಹೋಗುತ್ತವೆ. ಒಂದು ಕರೆಯ ಸುತ್ತ ಮಾತ್ರ ಕ್ಯಾಚ್_ವಾರ್ನಿಂಗ್ಸ್ ಬಳಸಬಹುದು, ಆದರೆ ಮಾಮೂಲಿ ಪೈಥಾನಿನಲ್ಲಿ ಅದು ಥ್ರೆಡ್‌ಗಳ ನಡುವೆ ಸುರಕ್ಷಿತವಲ್ಲ.

ವಾರಕ್ಕೊಮ್ಮೆ ಓಡುವ ಪ್ರತ್ಯೇಕ ಸಿಐ ಕೆಲಸವೊಂದನ್ನು ಇಡಿ. ಅದರಲ್ಲಿ ಅವಲಂಬನೆಗಳ ಹೊಚ್ಚಹೊಸ, ಇನ್ನೂ ಪೂರ್ತಿ ಬಿಡುಗಡೆಯಾಗದ ಆವೃತ್ತಿಗಳು ಇರಲಿ. ಅದು ಬಿದ್ದರೆ ಮರ್ಜ್ ನಿಲ್ಲಬಾರದು, ನಿಮಗೆ ಸುದ್ದಿ ಮಾತ್ರ ಬರಬೇಕು.

ಬೇರೆ ಭಾಷೆಯವರಿಗೆ ಎರಡು ಮಾತು. ನೋಡ್‌ನಲ್ಲಿ ವಾರ್ನಿಂಗಿನ ವಿಳಾಸ ಬೇಕಾದರೆ '--ಟ್ರೇಸ್-ಡಿಪ್ರಿಕೇಶನ್', ಎರರ್ ಆಗಬೇಕಾದರೆ '--ಥ್ರೋ-ಡಿಪ್ರಿಕೇಶನ್'. ಜಾವಾದಲ್ಲಿ 9ನೇ ಆವೃತ್ತಿಯಿಂದ @ಡಿಪ್ರಿಕೇಟೆಡ್ ಒಳಗೆ 'ಸಿನ್ಸ್' ಮತ್ತು 'ಫಾರ್‌ರಿಮೂವಲ್' ಎರಡನ್ನೂ ತುಂಬಬಹುದು. ನಿಜವಾಗಿ ತೆಗೆಯುವುದಾದರೆ ಎರಡನೆಯದನ್ನು ಟ್ರೂ ಮಾಡಿ, ಆಗ ಕಂಪೈಲರ್ ಜೋರಾಗಿಯೇ ಕೂಗುತ್ತದೆ.

## ಹಂತ 9: ಬಿಡುಗಡೆ, ಕಾಯುವಿಕೆ, ತೆಗೆಯುವುದು

ಆವೃತ್ತಿಗೆ ಮೇಜರ್.ಮೈನರ್.ಪ್ಯಾಚ್ ಎಂದು ಸಂಖ್ಯೆ ಕೊಡುವ ಸೆಮ್‌ವರ್ ಪದ್ಧತಿಯ ಪ್ರಕಾರ ಡಿಪ್ರಿಕೇಟ್ ಮಾಡುವುದು ಮೈನರ್ ಆವೃತ್ತಿಯಲ್ಲಿ, ತೆಗೆಯುವುದು ಮೇಜರ್‌ನಲ್ಲಿ, ನಡುವೆ ವಾರ್ನಿಂಗ್ ಇರುವ ಒಂದು ಮೈನರ್ ಆದರೂ ಇರಬೇಕು. ಪೈಥಾನ್ ತನಗೆ ಹಾಕಿಕೊಂಡ ನಿಯಮ, ಪೆಪ್ 387, ಕನಿಷ್ಠ ಎರಡು ಆವೃತ್ತಿಗಳಲ್ಲಿ ವಾರ್ನಿಂಗ್ ಇರಲಿ ಎನ್ನುತ್ತದೆ. ಪ್ಯಾಚ್ ಆವೃತ್ತಿಯಲ್ಲಿ ಹೊಸ ವಾರ್ನಿಂಗ್ ಸೇರಿಸುವುದೂ ತಪ್ಪೇ. ವಾರ್ನಿಂಗನ್ನು ಎರರ್ ಮಾಡಿಕೊಂಡ ಬಳಕೆದಾರನ ಸಿಐ ಒಂದು ಭದ್ರತಾ ತಿದ್ದುಪಡಿಗೆ ಮುರಿದು ಬೀಳುತ್ತದೆ.

ಗಡುವನ್ನು ನೆನಪಿನ ಮೇಲೆ ಬಿಡಬೇಡಿ. ಲೈಬ್ರರಿಯ ಆವೃತ್ತಿ 3.0 ಮುಟ್ಟಿಯೂ ಲೋಡ್_ಡೇಟಾ ಇನ್ನೂ ಇದ್ದರೆ ಬೀಳುವ ಒಂದು ಟೆಸ್ಟನ್ನು ಇವತ್ತೇ ಬರೆದಿಡಿ. ಗಡುವು ಮುಂದೂಡುವುದಾದರೆ ಸಂದೇಶದ ಸಂಖ್ಯೆಯನ್ನೂ ತಿದ್ದಿ. 3.2ರಲ್ಲೂ "3.0ರಲ್ಲಿ ಇರುವುದಿಲ್ಲ" ಎಂದು ಹೇಳುತ್ತಿರುವ ಲೈಬ್ರರಿಯನ್ನು ಯಾರೂ ನಂಬುವುದಿಲ್ಲ.

ತೆಗೆಯುವ ದಿನ ಫಂಕ್ಷನ್, ಅದರ ಟೆಸ್ಟ್, ದಾಖಲೆ, ಫಿಲ್ಟರ್ ವಿನಾಯಿತಿ ಎಲ್ಲವನ್ನೂ ಒಂದೇ ಕಮಿಟ್‌ನಲ್ಲಿ ತೆಗೆಯಿರಿ. ಆದರೆ ಗುರುತಿನ ಕಲ್ಲೊಂದನ್ನು ನೆಟ್ಟು ಹೋಗಿ. ಲೆಕ್ಕಾಚಾರದ ಲೈಬ್ರರಿ ನಂಪೈಯವರು ಎನ್‌ಪಿ.ಇಂಟ್ ಎಂಬ ಹೆಸರನ್ನು 1.20ರಲ್ಲಿ ಡಿಪ್ರಿಕೇಟ್ ಮಾಡಿ 1.24ರಲ್ಲಿ ತೆಗೆದರು. ತೆಗೆದ ಮೇಲೂ ಆ ಹೆಸರು ಬಳಸಿದವನಿಗೆ ಬರುವ ಆಟ್ರಿಬ್ಯೂಟ್‌ಎರರ್, ಅದು ಸಾದಾ ಇಂಟ್‌ನ ಅಡ್ಡಹೆಸರಾಗಿತ್ತು, ಈಗ ಹೀಗೆ ಬರೆಯಿರಿ ಎಂದು ಹೇಳುತ್ತದೆ. ಆರನೇ ಹಂತದ __ಗೆಟ್‌ಆಟ್ರ್__ ಇಲ್ಲೂ ಕೆಲಸಕ್ಕೆ ಬರುತ್ತದೆ, ವಾರ್ನ್ ಮಾಡುವ ಬದಲು ಅದೇ ಸಂದೇಶದೊಂದಿಗೆ ಆಟ್ರಿಬ್ಯೂಟ್‌ಎರರ್ ಎಸೆದರಾಯಿತು.

ಕೊನೆಗೊಮ್ಮೆ ಗಿರಾಕಿ ಫೋಲ್ಡರನ್ನು 3.0ರ ಮೇಲೆ ಓಡಿಸಿ. ಸಹಾಯಕ ಫೈಲಿನ ಸಾಲಿನಲ್ಲಿ ಎರರ್ ಬಂದು, ಅದರಲ್ಲಿ ರೀಡ್_ಟೇಬಲ್ ಹೆಸರು ಕಂಡರೆ ರಿಲೀಸ್ ಮಾಡಿ.